ಪೋರ್ಟ್ರೇಟ್‌ಗೆ ಯಾವ ಫ್ಲಾಶ್ ತಗೊಳ್ಳೋದು, ಸ್ಪೀಡ್‌ಲೈಟಾ ಸ್ಟುಡಿಯೋ ಲೈಟಾ?

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವ. ಮದುವೆ ಕೆಲಸ ಮಾಡೋದಿಲ್ಲ, ಜನರ ಪೋರ್ಟ್ರೇಟ್ ಮಾತ್ರ ತೆಗೀಬೇಕು ಅಂತ ಆಸೆ, ಮನೆಯಲ್ಲಿ, ತೋಟದಲ್ಲಿ, ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ). ಕ್ಯಾಮೆರಾ ಮೇಲೆ ಕೂರಿಸುವ ಫ್ಲಾಶ್ ಸಾಕಾ, ಅಲ್ಲ ದೊಡ್ಡ ಸ್ಟುಡಿಯೋ ಲೈಟೇ ಬೇಕಾ?

ಉತ್ತರ: ನಿಮ್ಮ ಕೆಲಸಕ್ಕೆ ಒಂದು ಸ್ಪೀಡ್‌ಲೈಟ್, ಅಂದ್ರೆ ನೀವು ಹೇಳಿದ ಕ್ಯಾಮೆರಾ ಮೇಲೆ ಕೂರಿಸುವ ಫ್ಲಾಶ್, ಸಾಕು, ಆದರೆ ಅದನ್ನು ಕ್ಯಾಮೆರಾ ಮೇಲಿಂದ ಕೆಳಗಿಳಿಸಬೇಕು. ಹಾಗಾಗಿ ಇರುವ ದುಡ್ಡನ್ನೆಲ್ಲ ಫ್ಲಾಶಿಗೇ ಸುರೀಬೇಡಿ. ಟ್ರಿಗರ್ (ದೂರದ ಫ್ಲಾಶನ್ನು ಕ್ಯಾಮೆರಾದಿಂದ ಹೊಡೆಸುವ ರಿಮೋಟ್), ಸ್ಟ್ಯಾಂಡ್, ಎಸ್ ಬ್ರಾಕೆಟ್ (ಫ್ಲಾಶನ್ನೂ ಸಾಫ್ಟ್‌ಬಾಕ್ಸನ್ನೂ ಸ್ಟ್ಯಾಂಡಿಗೆ ಹಿಡಿಸುವ ಹಿಡಿಕೆ), ಒಂದು 90 ಸೆಂಟಿಮೀಟರಿನ ಸಾಫ್ಟ್‌ಬಾಕ್ಸ್ (ಎದುರಿಗೆ ಬಿಳಿ ಬಟ್ಟೆ ಇರುವ ಪೆಟ್ಟಿಗೆ) ಅಥವಾ ಬಿಳಿ ಅಂಬ್ರೆಲಾ, ಇಷ್ಟಕ್ಕೆ ಮೊದಲು ದುಡ್ಡು ತೆಗೆದಿಟ್ಟು ಉಳಿದದ್ದರಲ್ಲಿ ಫ್ಲಾಶ್ ನೋಡಿ.

ಯಾಕೆ ಅಂದ್ರೆ ಬೆಳಕು ಮೆತ್ತಗಾಗೋದು ಫ್ಲಾಶಿನ ಪವರಿಂದ ಅಲ್ಲ, ಮುಖಕ್ಕೆ ಕಾಣುವ ಬೆಳಕಿನ ಸೈಜಿಂದ. ಬರೀ ಸ್ಪೀಡ್‌ಲೈಟಿನ ತಲೆ ಅಂಗೈಯಷ್ಟೂ ಇಲ್ಲ, ಮೂಗಿನ ಪಕ್ಕ ಗೆರೆ ಎಳೆದ ಹಾಗೆ ನೆರಳು ಬೀಳ್ತದೆ, ಅದೇ ಫ್ಲಾಶನ್ನು ಸಾಫ್ಟ್‌ಬಾಕ್ಸಿನ ಒಳಗೆ ಹಾಕಿ ಮುಖದಿಂದ ಒಂದು ಮೀಟರಿಗೆ ತಂದರೆ ನೆರಳಿನ ಅಂಚು ಕರಗಿ ಹೋಗ್ತದೆ. ಎರಡು ಮೀಟರಿಗೆ ಹಿಂದೆ ತೆಗೆದರೆ ಬೆಳಕು ಕಾಲು ಭಾಗಕ್ಕೆ ಇಳೀತದೆ, ಅಂದ್ರೆ ಎರಡು ಸ್ಟಾಪ್ ಹೋಯ್ತು (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಆಗೋದು), ಮೇಲಿಂದ ಗಡುಸೂ ಆಗ್ತದೆ. ಹತ್ತಿರ ಇಟ್ಟಷ್ಟು ಸಣ್ಣ ಫ್ಲಾಶೂ ದೊಡ್ಡ ಕೆಲಸ ಮಾಡ್ತದೆ.

ಸೀಲಿಂಗಿಗೆ ಬೌನ್ಸ್ ಮಾಡಿದರೆ ಸಾಕಲ್ವಾ ಅಂತ ಕೆಲವರು ಹೇಳ್ತಾರೆ. ಬಿಳಿ ಸ್ಲ್ಯಾಬ್ ಇರುವ ರೂಮಲ್ಲಿ ಹೌದು, ಆದರೆ ನಮ್ಮ ಕಡೆ ಹಂಚಿನ ಮಾಡಿನ ಮನೆಗಳು ಎಷ್ಟು ಉಂಟು, ಆ ಎತ್ತರದ ಕಪ್ಪು ಪಕ್ಕಾಸು ಹಂಚಿಗೆ ಬಡಿದ ಬೆಳಕು ವಾಪಸ್ ಬರೋದೇ ಕಮ್ಮಿ, ಬಂದದ್ದೂ ಕೆಂಪು. ಚೌಕಿಯಲ್ಲಿ ನೀಲಿ ಟಾರ್ಪಾಲ್ ಕಟ್ಟಿದ್ದರಂತೂ ಕಲಾವಿದರ ಮುಖವೂ ನೀಲಿ!

ಚೌಕಿ ವಿಷಯ ನಂಗೆ ತುಂಬಾ ಇಷ್ಟದ್ದು, ಸ್ವಲ್ಪ ಜಾಸ್ತಿ ಹೇಳ್ತೇನೆ. ತೆಂಕುತಿಟ್ಟಿನ (ಯಕ್ಷಗಾನದ ತೆಂಕು ಶೈಲಿ) ಬಣ್ಣದ ವೇಷಕ್ಕೆ, ಅಂದ್ರೆ ರಾಕ್ಷಸ ಪಾತ್ರಗಳಿಗೆ, ಅಕ್ಕಿಹಿಟ್ಟಿನ ಚುಟ್ಟಿ ಇಡ್ತಾರಲ್ಲ, ಆ ಮುಳ್ಳು ಮುಳ್ಳು ಸಾಲು ಎದ್ದು ಕಾಣಬೇಕಾದ್ರೆ ಬೆಳಕು ಪಕ್ಕದಿಂದ ಸವರಿಕೊಂಡು ಬರಬೇಕು. ಕ್ಯಾಮೆರಾ ಮೇಲಿಂದ ನೇರ ಫ್ಲಾಶ್ ಹೊಡೆದರೆ ಗಂಟೆಗಟ್ಟಲೆ ಕೂತು ಮಾಡಿದ ಆ ಕೆಲಸ ಪೇಪರಿಗೆ ಬಣ್ಣ ಬಳಿದ ಹಾಗೆ ಚಪ್ಪಟೆ. ಸಾಫ್ಟ್‌ಬಾಕ್ಸನ್ನು ಮುಖದ ಒಂದು ಬದಿಗೆ, ಕಣ್ಣಿಂದ ಸ್ವಲ್ಪ ಮೇಲೆ ಇಟ್ಟು, ಪವರ್ 1/16 (ಪೂರ್ತಿ ಶಕ್ತಿಯ ಹದಿನಾರನೇ ಒಂದು ಭಾಗ) ಇಂದ ಶುರು ಮಾಡಿ ನೋಡಿ. ಕಿರೀಟದ ಮಿಣುಗು ಹೊಳೆದು ಕಣ್ಣು ಕುಕ್ಕಿದರೆ ಪವರ್ ಇಳಿಸೋದಲ್ಲ, ಲೈಟನ್ನು ಒಂದು ಗೇಣು ಆಚೀಚೆ ಸರಿಸಿ. ಮತ್ತೆ ಕೇಳದೆ ಹೊಡೀಬೇಡಿ, ಕಣ್ಣಿನ ಹತ್ತಿರ ಬಣ್ಣ ಹಚ್ಚುವ ಹೊತ್ತಲ್ಲಂತೂ ಫ್ಲಾಶ್ ಬೇಡವೇ ಬೇಡ. ಕೋಲ, ತೆಯ್ಯಂ ನಡೀತಾ ಇರುವಾಗಲೂ ಅಷ್ಟೇ.

ಅಡಿಕೆ ತೋಟದ ಒಳಗೆ ಬೆಳಕು ಮೊದಲೇ ಕಮ್ಮಿ, ಸ್ಪೀಡ್‌ಲೈಟ್ ಆರಾಮ. ಎಲೆಯ ಹಸಿರು ಛಾಯೆ ಮುಖಕ್ಕೆ ಹತ್ತಿರ್ತದಲ್ಲ, ಫ್ಲಾಶ್ ಅದನ್ನೂ ತೊಳೆದು ಹಾಕ್ತದೆ.

ಸ್ಪೀಡ್‌ಲೈಟ್ ಸೋಲೋದು ಬಿಸಿಲಿನ ಬಯಲಲ್ಲಿ. ಬೇಕಲ ಕೋಟೆಯಲ್ಲಿ ಮಧ್ಯಾಹ್ನ ಐಎಸ್ಒ 100, ಶಟರ್ 1/200 ಇಟ್ಟರೆ ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 11ರ ಆಸುಪಾಸು ಬರ್ತದೆ. ಹಿನ್ನೆಲೆ ಮಸುಕಾಗಬೇಕು ಅಂತ ಕಿಂಡಿ ಅಗಲ ಮಾಡಿ ಎಫ್ 2.8ಕ್ಕೆ ಬಂದರೆ ಶಟರ್ 1/3200 ಬೇಕು, ಅದು ಸಿಂಕ್ ಸ್ಪೀಡ್ (ಫ್ಲಾಶ್ ಮಾಮೂಲಾಗಿ ಕೆಲಸ ಮಾಡುವ ಅತಿ ವೇಗದ ಶಟರ್) ದಾಟಿತು, ಹೈ ಸ್ಪೀಡ್ ಸಿಂಕ್ (ಅದಕ್ಕಿಂತ ವೇಗದ ಶಟರಲ್ಲೂ ಫ್ಲಾಶ್ ಕೆಲಸ ಮಾಡುವ ಸೌಲಭ್ಯ) ಹಾಕಲೇಬೇಕು, ಹಾಕಿದರೆ ಫ್ಲಾಶಿನ ಶಕ್ತಿ ತುಂಬಾ ಕುಸೀತದೆ. ಸ್ಪೀಡ್‌ಲೈಟ್ ಅಂದ್ರೆ ಹೆಚ್ಚುಕಮ್ಮಿ 60-80 ವ್ಯಾಟ್ ಸೆಕೆಂಡ್ (ಫ್ಲಾಶಿನ ಶಕ್ತಿಯ ಅಳತೆ), ಸಾಫ್ಟ್‌ಬಾಕ್ಸ್ ಹಾಕಿದ ಮೇಲೆ ಆ ಬಿಸಿಲಿಗೆ ಎಲ್ಲಿ ಸಾಕಾಗ್ತದೆ? ಅಂಥ ಕೆಲಸ ದಿನಾ ಇದ್ದರೆ ಗೋಡಾಕ್ಸ್ ಕಂಪೆನಿಯ ಎಡಿ200 ಥರದ್ದು ನೋಡಿ, 200 ವ್ಯಾಟ್ ಸೆಕೆಂಡ್, ಬ್ಯಾಟರಿಯದ್ದು, ಬ್ಯಾಗಲ್ಲಿ ಹಿಡೀತದೆ. ಕರೆಂಟಿಗೆ ಹಾಕುವ 400 ವ್ಯಾಟ್ ಸೆಕೆಂಡಿನ ಸ್ಟುಡಿಯೋ ಲೈಟ್ ದುಡ್ಡಿಗೆ ಜಾಸ್ತಿ ಪವರ್ ಕೊಡ್ತದೆ ನಿಜ, ಆದರೆ ತೋಟಕ್ಕೆ ವಯರ್ ಎಳೆಯೋದು ಯಾರು, ಸ್ವಂತ ರೂಮ್ ಇದ್ದರೆ ಮಾತ್ರ ಅದು. ಕಡಲ ಬದಿಯಲ್ಲಿ ಅಂಬ್ರೆಲಾ ಬಿಚ್ಚಿದರೆ ಸ್ಟ್ಯಾಂಡ್ ಹಿಡಿಯಲು ಒಬ್ಬ ಬೇಕೇ ಬೇಕು, ಮರಳಿನ ಚೀಲ ಕಟ್ಟಿದರೂ ಗಾಳಿ ಕೇಳೋದಿಲ್ಲ.

ಟಿಟಿಎಲ್ (ಫ್ಲಾಶಿನ ಪವರನ್ನು ಕ್ಯಾಮೆರಾವೇ ಲೆಕ್ಕ ಹಾಕೋದು) ಬೇಕಾ? ಕೂತ ಜನರ ಪೋರ್ಟ್ರೇಟಿಗೆ ಬೇಡ, ಮ್ಯಾನ್ಯುವಲ್ ಸಾಕು. ಗೋಡಾಕ್ಸ್ ಟಿಟಿ600 ಅಂಥದ್ದೇ, ನಾಲ್ಕು ಎಎ ಸೆಲ್ಲಿನದ್ದು, ಟ್ರಿಗರಲ್ಲಿ ಹೈ ಸ್ಪೀಡ್ ಸಿಂಕೂ ಆಗ್ತದೆ. ರೀಚಾರ್ಜ್ ಸೆಲ್ ಎರಡು ಸೆಟ್ ಇಟ್ಕೊಳ್ಳಿ, ಮಳೆಗಾಲದಲ್ಲಿ ಫ್ಲಾಶ್ ಸುಮ್ಮನೆ ಇಡೋದಾದ್ರೆ ಸೆಲ್ ತೆಗೆದಿಡಿ, ಇಲ್ಲಾಂದ್ರೆ ಒಳಗೆ ಸೋರಿ ಕಾಂಟ್ಯಾಕ್ಟ್ ಹಸಿರುಗಟ್ಟಿ ಹೋಗ್ತದೆ. ಟ್ರಿಗರ್ ಮಾತ್ರ ನಿಮ್ಮ ಕಂಪೆನಿಯ ಕ್ಯಾಮೆರಾಕ್ಕೆ ಅಂತಲೇ ಮಾಡಿದ ಮಾಡೆಲ್ ನೋಡಿ ತಗೊಳ್ಳಿ, ಕ್ಯಾನನ್‌ಗೆ ಮಾಡಿದ್ದು ಸೋನಿಗೆ ಸರಿಯಾಗಿ ಆಗೋದಿಲ್ಲ.

ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಬಿಡಬೇಡಿ, ಆದರೆ ಫುಲ್ ಪವರಲ್ಲಿ ನಾಲ್ಕೈದು ಸಲ ಹೊಡೆದು ಪ್ರತಿ ಸಲ ಚಾರ್ಜ್ ಆಗಲು ಎಷ್ಟು ಹೊತ್ತು ಹಿಡೀತದೆ ಅಂತ ನೋಡಿ, ಫೋಟೋಗಳ ಎಕ್ಸ್‌ಪೋಷರ್ ಒಂದೇ ಥರ ಬಂದಿದೆಯಾ ಅಂತಲೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಬೆಳ್ಳಗೆ ಒಂದು ಕಪ್ಪಗೆ ಬಂದರೆ ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ.