ಪದ ಪರಿಚಯ: ಸ್ಟ್ರೆಸ್

'ಮಕ್ಕಳೇ, ಸ್ಟ್ರೆಸ್ ಮಾಡ್ಕೋಬೇಡಿ. ಸ್ಟ್ರೆಸ್ ಆದ್ರೆ ಮೆದುಳಿನ ಕೋಶಗಳು ಸಾಯ್ತವೆ. ಒಂದ್ಸಲ ಸತ್ತದ್ದು ಮತ್ತೆ ಹುಟ್ಟಲ್ಲ.'

ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗಾಗಿ ನಡೆಯುವ ಪರೀಕ್ಷಾ ತಯಾರಿ ಕಾರ್ಯಕ್ರಮಗಳಲ್ಲಿ ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ಮತ್ತೆ ಕೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು, ಕೆಳಗೆ ಕೆಂಪು ಪೆನ್ನಲ್ಲಿ ಗೆರೆ ಬೇರೆ ಎಳೆದಳು. ನೀಟ್, ಸಿಇಟಿ ಅಂತ ಮೊದಲೇ ಹೆದರಿರುವ ಮಕ್ಕಳು. ಅವರಿಗೆ 'ನೀನು ಹೆದರಿದ್ದಕ್ಕೇ ನಿನ್ನ ಮೆದುಳು ಸಾಯ್ತಿದೆ' ಅಂತ ಹೇಳಿ ಕಳಿಸಿದರೆ ರಾತ್ರಿ ನಿದ್ದೆ ಬರುತ್ತಾ? ಹೇಳಿದ ಮಾತು ನಿಜವಾಗಿದ್ದರೆ ಬೇರೆ ವಿಷಯ. ಇದು ನಿಜವೂ ಅಲ್ಲ.

ಸ್ಟ್ರೆಸ್ ಅನ್ನುವ ಪದವನ್ನು ಬಳಸದ ಕನ್ನಡಿಗರು ಈಗ ಸಿಗುವುದೇ ಕಷ್ಟ. ಹಾಗಾಗಿ ಬಳಕೆಯ ಅರ್ಥ ಹೇಳುತ್ತಾ ಕೂರುವುದಿಲ್ಲ. ತೊಂದರೆ ಇರುವುದು ಒಂದೇ ಪದವನ್ನು ನಾವು ಮೂರು ಕಡೆ ಬಳಸುತ್ತೇವೆ ಅನ್ನುವಲ್ಲಿ. 'ಈ ವರ್ಷ ಆಫೀಸಲ್ಲಿ ಸ್ಟ್ರೆಸ್ ಜಾಸ್ತಿ' ಅಂದಾಗ ಅದು ಕೆಲಸದ ಹೊರೆ. 'ಯಾಕೋ ಸ್ಟ್ರೆಸ್ ಆಗ್ತಿದೆ ಮಾರಾಯ' ಅಂದಾಗ ಅದು ಮನಸ್ಸಿನ ತಳಮಳ. ಇವೆರಡರ ನಡುವೆ ಮೂರನೆಯದೊಂದಿದೆ. ಹೊರೆ ಬಿದ್ದಾಗ ದೇಹ ಅದಕ್ಕೆ ಏನು ಮಾಡುತ್ತದೆ ಅನ್ನುವುದು ಅದು. ವಿಜ್ಞಾನದಲ್ಲಿ ಸ್ಟ್ರೆಸ್ ಅಂದರೆ ಮುಖ್ಯವಾಗಿ ಈ ಮೂರನೆಯದು. ಹೊರೆಗೆ ಅಲ್ಲಿ ಬೇರೆಯೇ ಹೆಸರಿದೆ, ಸ್ಟ್ರೆಸರ್.

ಈ ಗೊಂದಲ ನಮ್ಮದು ಮಾತ್ರ ಅಲ್ಲ. ಪದವನ್ನು ವೈದ್ಯಕ್ಕೆ ತಂದವರ ಕಾಲದಿಂದಲೇ ಬಂದದ್ದು. ಮೂಲದಲ್ಲಿರುವುದು ಲ್ಯಾಟಿನ್ನಿನ ಸ್ಟ್ರಿಂಗೆರೆ, ಅಂದರೆ ಬಿಗಿದು ಕಟ್ಟು, ಬಿಗಿಯಾಗಿ ಎಳೆ. ಅಲ್ಲಿಂದ ಫ್ರೆಂಚ್ ಹಾದು ಇಂಗ್ಲಿಷಿಗೆ ಬಂದಾಗ ಕಷ್ಟ, ಇಕ್ಕಟ್ಟು ಅನ್ನುವ ಅರ್ಥ ಇತ್ತು. ಆಮೇಲೆ ಎಂಜಿನಿಯರುಗಳು ಅದನ್ನು ತಮ್ಮದು ಮಾಡಿಕೊಂಡರು. ಅವರ ಲೆಕ್ಕದಲ್ಲಿ ಒಂದು ಕಂಬಿಯನ್ನು ಎಳೆಯುವಾಗ ಅದರ ಪ್ರತಿ ಚದರ ಅಳತೆಯ ಮೇಲೆ ಬೀಳುವ ಬಲ ಸ್ಟ್ರೆಸ್, ಕಂಬಿ ಉದ್ದವಾಗಿ ಆಕಾರ ಬದಲಾಗುವುದು ಸ್ಟ್ರೇನ್. ಎರಡೂ ಬೇರೆ ಬೇರೆ. ಪಿಯು ಭೌತಶಾಸ್ತ್ರ ಓದಿದವರಿಗೆ ನೆನಪಿರುತ್ತದೆ.

ವಿಯೆನ್ನಾದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡುತ್ತಿದ್ದ ಹಾನ್ಸ್ ಸೆಲ್ಯೆ 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದರು. ಅವರು ಇಲಿಗಳಿಗೆ ಹಾರ್ಮೋನು ಇರಬಹುದಾದ ಸಾರ ಚುಚ್ಚುತ್ತಿದ್ದರು. ಇಲಿಗಳ ಅಡ್ರಿನಲ್ ಗ್ರಂಥಿ ಊದಿಕೊಂಡಿತು, ಎದೆಯೊಳಗಿನ ಥೈಮಸ್ ಗ್ರಂಥಿ ಕುಗ್ಗಿತು, ಹೊಟ್ಟೆಯಲ್ಲಿ ಹುಣ್ಣಾಯಿತು. ಹೊಸ ಹಾರ್ಮೋನೇ ಸಿಕ್ಕಿತು ಅಂತ ಅವರಿಗೆ ಅನಿಸಿತ್ತು. ಆದರೆ ಸುಮ್ನೆ ಫಾರ್ಮಲಿನ್ ಅನ್ನುವ ರಾಸಾಯನಿಕ ಚುಚ್ಚಿದರೂ ಅದೇ ಆಯಿತು. ಚಳಿಗೆ ಒಡ್ಡಿದರೂ ಅದೇ, ಗಾಯ ಮಾಡಿದರೂ ಅದೇ, ಸುಸ್ತಾಗುವ ತನಕ ಓಡಿಸಿದರೂ ಅದೇ. ಕಾರಣ ಯಾವುದೇ ಇರಲಿ, ದೇಹದ ಉತ್ತರ ಒಂದೇ ಥರ. ಈ ಉತ್ತರಕ್ಕೆ ಅವರು ಮುಂದೆ ಸ್ಟ್ರೆಸ್ ಅಂತ ಹೆಸರಿಟ್ಟರು. ಎಂಜಿನಿಯರುಗಳ ಲೆಕ್ಕದಲ್ಲಿ ನೋಡಿದರೆ ಅದು ಸ್ಟ್ರೇನ್ ಆಗಬೇಕಿತ್ತು. ತನಗೆ ಆಗ ಇಂಗ್ಲಿಷ್ ಇನ್ನೂ ಚೆನ್ನಾಗಿ ಬಂದಿದ್ದರೆ ಸ್ಟ್ರೇನ್ ಅಂತಲೇ ಕರೆಯುತ್ತಿದ್ದೆ ಎಂದು ಸೆಲ್ಯೆ ಆಮೇಲೆ ತಾವೇ ಹೇಳಿಕೊಂಡರು. ಅಷ್ಟರಲ್ಲಿ ಪದ ಊರೆಲ್ಲ ಸುತ್ತಿ ಆಗಿತ್ತು. ಹೊರೆಯನ್ನು ಕರೆಯಲು ಬೇರೆ ಪದ ಬೇಕಾಯಿತು, ಸ್ಟ್ರೆಸರ್ ಬಂತು. ಫ್ರೆಂಚರು, ಜರ್ಮನರು ತರ್ಜುಮೆ ಮಾಡುವ ಗೋಜಿಗೆ ಹೋಗದೆ ಸ್ಟ್ರೆಸ್ ಅಂತಲೇ ಇಟ್ಟುಕೊಂಡರು.

ಕನ್ನಡದಲ್ಲಿ 'ಒತ್ತಡ' ಅನ್ನುತ್ತೇವೆ. ನನಗೆ ಇದು ಸರಿ ಬರುವುದಿಲ್ಲ. ಒತ್ತಡ ಅಂದ ಕೂಡಲೇ ಹೊರಗಿಂದ ಯಾರೋ ಒತ್ತುತ್ತಿದ್ದಾರೆ ಅನ್ನುವ ಚಿತ್ರ ಬರುತ್ತದೆ, ಅಂದರೆ ಮತ್ತೆ ಹೊರೆಯ ಕಡೆಗೇ ಹೋಯಿತು. ಅದರ ಮೇಲೆ ರಕ್ತದೊತ್ತಡ ಬೇರೆ ಇದೆ. 'ತುಂಬಾ ಒತ್ತಡದಲ್ಲಿದ್ದಾರೆ' ಅಂದರೆ 'ಮಾತ್ರೆ ತಗೊಳ್ತಿದಾರಾ?' ಅಂತ ಕೇಳುವವರನ್ನು ನೋಡಿದ್ದೇನೆ. ಸ್ಟ್ರೆಸ್ ಆದಾಗ ಸ್ವಲ್ಪ ಹೊತ್ತು ಬಿಪಿ ಏರುವುದು ನಿಜ, ಆದರೆ ಬಿಪಿ ಕಾಯಿಲೆಯೇ ಬೇರೆ, ಮೈಮೇಲೆ ಏನೂ ಗೊತ್ತಾಗದೆಯೂ ಅದು ಇರಬಹುದು. ನಮ್ಮ ಕಡೆಯ 'ತಲೆಬಿಸಿ', ತೀರ್ಥಹಳ್ಳಿ, ಕೊಪ್ಪದ ಕಡೆಗೆ ಹೋದರೆ 'ಮಂಡೆಬಿಸಿ', ಇದಕ್ಕಿಂತ ಎಷ್ಟೋ ವಾಸಿ. ಯಾರೂ ಹೊರೆಯನ್ನು ಮಂಡೆಬಿಸಿ ಅನ್ನುವುದಿಲ್ಲ. ಹೊರೆಯಿಂದ ನಮ್ಮೊಳಗೆ ಆದದ್ದಕ್ಕೆ ಮಾತ್ರ ಹಾಗನ್ನುತ್ತಾರೆ. 'ಮಳೆಯದ್ದೇ ಮಂಡೆಬಿಸಿ ಮಾರಾಯ್ರೆ' ಅಂದರೆ ಮಳೆ ಬೇರೆ, ಮಂಡೆ ಬೇರೆ ಅನ್ನುವುದು ಆ ಮಾತಿನಲ್ಲೇ ಇದೆ.

ಈಗ ದೇಹದ ಉತ್ತರಕ್ಕೆ ಬರೋಣ. ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದೀರಿ, ಸೋಗೆ ಎತ್ತಿದರೆ ಕೆಳಗೆ ಹಾವು. ಏನು ಅಂತ ಯೋಚಿಸುವ ಮೊದಲೇ ಕಾಲು ಹಿಂದೆ ಬಂದಿರುತ್ತದೆ, ಎದೆ ಡವಡವ, ಬಾಯಿ ಒಣಗಿರುತ್ತದೆ. ಕ್ಷಣಗಳಲ್ಲಿ ಆದ ಈ ಕೆಲಸ ನರಗಳದ್ದು ಮತ್ತು ಅಡ್ರಿನಲಿನ್‌ದು. ಇನ್ನೊಂದು ದಾರಿ ನಿಧಾನದ್ದು. ಮೆದುಳಿನ ಹೈಪೋಥಲಮಸ್ ಕೆಳಗಿನ ಪಿಟ್ಯುಟರಿಗೆ ಸುದ್ದಿ ಕೊಡುತ್ತದೆ, ಪಿಟ್ಯುಟರಿ ರಕ್ತದ ಮೂಲಕ ಕಿಡ್ನಿಯ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಸುದ್ದಿ ಕಳಿಸುತ್ತದೆ, ಅಲ್ಲಿಂದ ಕಾರ್ಟಿಸಾಲ್ ಹೊರಡುತ್ತದೆ. ಇದಕ್ಕೆ ನಿಮಿಷಗಳು ಹಿಡಿಯುತ್ತವೆ. ಹಾವು ಹೋಯಿತು, ನೀವು ಮನೆಗೆ ಬಂದು ಒಂದು ಲೋಟ ನೀರು ಕುಡಿದು ಎಲ್ಲರಿಗೂ ಕತೆ ಹೇಳಿದಿರಿ, ಸ್ವಲ್ಪ ಹೊತ್ತಿಗೆ ಕಾರ್ಟಿಸಾಲೂ ಇಳಿಯಿತು. ಇಂಥ ಸ್ಟ್ರೆಸ್ ಇಲ್ಲದವರು ಬದುಕಿ ಉಳಿಯುವುದು ಕಷ್ಟ.

ಆಷಾಢದಲ್ಲಿ ಅಡಿಕೆಗೆ ಬರುವ ಕೊಳೆರೋಗ ಇನ್ನೊಂದು ಥರ. ಬೋರ್ಡೋ ಹೊಡೆಯಬೇಕು, ಮೈಲುತುತ್ತ, ಸುಣ್ಣ ತಂದಿಟ್ಟು ಆಗಿದೆ, ಔಷಧಿ ಹೊಡೆಯುವವರಿಗೆ ಹೇಳಿಯೂ ಆಗಿದೆ. ಮಳೆ ಬಿಡುವುದಿಲ್ಲ. ಒಂದು ಬೆಳಿಗ್ಗೆ ಬಿಸಿಲು ಬಂತು ಅಂತ ಡ್ರಮ್ಮು ಹೊರಗೆ ತಂದರೆ ಹತ್ತು ಗಂಟೆಗೆ ಮತ್ತೆ ಮೋಡ. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಹೆಂಚಿನ ಮೇಲಿನ ಸದ್ದು ಕೇಳುತ್ತಾ ಎಷ್ಟು ಕಾಯಿ ಉದುರಿರಬಹುದು ಅಂತ ಲೆಕ್ಕ ಹಾಕುವುದು. ಹಾವಿನ ಥರ ಇದು ಹರಿದು ಹೋಗುವುದಿಲ್ಲ, ದೇಹಕ್ಕೆ 'ಮುಗಿಯಿತು' ಅನ್ನುವ ಸುದ್ದಿ ಸಿಗುವುದಿಲ್ಲ. ಮೆದುಳಿನಲ್ಲಿ ಬದಲಾವಣೆ ಮಾಡುತ್ತದೆ ಅನ್ನುವುದು ಮುಖ್ಯವಾಗಿ ಈ ದಿನಗಟ್ಟಲೆ ಎಳೆಯುವ ಸ್ಟ್ರೆಸ್ ಬಗ್ಗೆ. ಒಂದು ಮಾಕ್ ಟೆಸ್ಟಿನ ಹಿಂದಿನ ರಾತ್ರಿಯ ಹೆದರಿಕೆಯನ್ನು ಇದರ ಜೊತೆ ಸೇರಿಸಬೇಡಿ.

ಏನು ಬದಲಾವಣೆ? ಕೋಶ ಸಾಯುತ್ತಾ?

ಮಾತು ಎಲ್ಲಿಂದ ಬಂತು ಅನ್ನುವುದಕ್ಕೆ ಸುಳಿವಿದೆ. 1968ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮ್ಯಾಕ್‌ಯುವೆನ್, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಅನ್ನುವ ಜಾಗ ಕಾರ್ಟಿಸಾಲ್ ಜಾತಿಯ ಸ್ಟ್ರೆಸ್ ಹಾರ್ಮೋನನ್ನು ಹಿಡಿದುಕೊಳ್ಳುತ್ತದೆ ಎಂದು ಇಲಿಗಳಲ್ಲಿ ತೋರಿಸಿದರು. ಅಲ್ಲಿಯವರೆಗೆ ಈ ಹಾರ್ಮೋನಿಗೂ ನೆನಪಿನ ಜಾಗಕ್ಕೂ ಸಂಬಂಧ ಇದೆ ಅಂತ ಯಾರೂ ಅಷ್ಟಾಗಿ ಯೋಚಿಸಿರಲಿಲ್ಲ. 1985ರಲ್ಲಿ ಅವರ ಜೊತೆ ರಾಬರ್ಟ್ ಸಪೋಲ್ಸ್ಕಿ ಮತ್ತಿತರರು ಇಲಿಗಳಿಗೆ ತಿಂಗಳುಗಟ್ಟಲೆ ಈ ಹಾರ್ಮೋನನ್ನು ಚುಚ್ಚಿದಾಗ ಅಲ್ಲಿನ ನರಕೋಶಗಳ ಸಂಖ್ಯೆ ಕಡಿಮೆಯಾದದ್ದು ಕಂಡಿತು. ಇದು ನಿಜ. ಆದರೆ ಹೊರಗಿಂದ ಅಷ್ಟು ಹಾರ್ಮೋನು, ಅಷ್ಟು ದಿನ. ದಿನನಿತ್ಯದ ಸ್ಟ್ರೆಸ್‌ಗೆ ಇದನ್ನು ಹಾಗೇ ಅಂಟಿಸಿ ವೇದಿಕೆ ಮೇಲೆ ಹೇಳುವ ಹಾಗಿಲ್ಲ. ಆಮೇಲಿನ ಪ್ರಯೋಗಗಳಲ್ಲಿ ಇಲಿಗಳನ್ನು ವಾರಗಟ್ಟಲೆ ಸ್ಟ್ರೆಸ್‌ಗೆ ಒಡ್ಡಿ ನೋಡಿದರೆ ಮುಖ್ಯವಾಗಿ ಕಂಡದ್ದು ಬೇರೆ. ಕೋಶ ಇದ್ದಲ್ಲೇ ಇತ್ತು, ಅದರ ಕೊಂಬೆಗಳು ಗಿಡ್ಡವಾಗಿದ್ದವು.

ಕೊಂಬೆ ಅನ್ನುವುದು ನಾನು ಕಟ್ಟಿದ ಮಾತಲ್ಲ. ನರಕೋಶದಿಂದ ಕವಲೊಡೆದು ಹರಡುವ ಎಳೆಗಳಿಗೆ ಡೆಂಡ್ರೈಟ್ ಅನ್ನುತ್ತಾರೆ, ಗ್ರೀಕಿನಲ್ಲಿ ಡೆಂಡ್ರಾನ್ ಅಂದರೆ ಮರ. ಬೇರೆ ಕೋಶಗಳಿಂದ ಸುದ್ದಿ ಬಂದು ಸೇರುವುದು ಈ ಕೊಂಬೆಗಳ ಮೇಲೆ. ಇವನ್ನು ನೋಡುವ ಒಂದು ದಾರಿ ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಕಂಡುಹಿಡಿದ ಬೆಳ್ಳಿಯ ಬಣ್ಣಗಾರಿಕೆ. ಅದರ ವಿಶೇಷ ಏನೆಂದರೆ ಸಾವಿರಾರು ಕೋಶಗಳ ನಡುವೆ ಎಲ್ಲೋ ಕೆಲವಕ್ಕೆ ಮಾತ್ರ ಬಣ್ಣ ಹಿಡಿಯುತ್ತದೆ, ಹಿಡಿದದ್ದು ತುದಿಯವರೆಗೂ ಕಪ್ಪಾಗಿ ಕಾಣುತ್ತದೆ. ಎಲ್ಲಕ್ಕೂ ಹಿಡಿದಿದ್ದರೆ ಬರೀ ಕಪ್ಪು ಮುದ್ದೆ ಕಾಣುತ್ತಿತ್ತು.

ಇಲ್ಲಿಂದ ಮುಂದಿನ ಕತೆ ನಮ್ಮ ರಾಜ್ಯದಲ್ಲೇ ನಡೆದದ್ದು. ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ ಅನ್ನುವುದೇ ನನಗೆ ಬೇಜಾರು. ಸುಮಂತ್ರ ಚಟರ್ಜಿ ಐಐಟಿ ಕಾನ್ಪುರದಲ್ಲಿ ಭೌತಶಾಸ್ತ್ರ ಓದಿದವರು. ಆಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮೆದುಳಿನ ವಿಜ್ಞಾನಕ್ಕೆ ಹೊರಳಿದರು. 1999ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎಲ್ಲರೂ ಎನ್‌ಸಿಬಿಎಸ್ ಅನ್ನುವುದು, ಅಲ್ಲಿ ತಮ್ಮ ಪ್ರಯೋಗಾಲಯ ಶುರು ಮಾಡಿದರು. ಆಗ ಸ್ಟ್ರೆಸ್ ಅಂದರೆ ಎಲ್ಲರ ಕಣ್ಣೂ ಹಿಪ್ಪೊಕ್ಯಾಂಪಸ್ ಮೇಲೆ. ಭಯ, ಆತಂಕಗಳಿಗೆ ಬೇಕಾದ ಅಮಿಗ್ಡಲಾ ಪಕ್ಕದಲ್ಲೇ ಇದೆ, ಬಾದಾಮಿ ಆಕಾರದ್ದು, ಹೆಸರಿನ ಅರ್ಥವೂ ಬಾದಾಮಿ ಅಂತಲೇ. ಸ್ಟ್ರೆಸ್ ಆದಾಗ ನೆನಪು ಕೈಕೊಡುತ್ತದೆ ಸರಿ, ಆದರೆ ಭಯ ಜಾಸ್ತಿಯಾಗುತ್ತದಲ್ಲ, ಅಲ್ಲಿ ಏನಾಗುತ್ತಿದೆ?

ಎನ್‌ಸಿಬಿಎಸ್‌ನ ಅವರ ತಂಡ ಮತ್ತು ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಸೇರಿ 2002ರಲ್ಲಿ ಉತ್ತರ ಪ್ರಕಟಿಸಿದರು. ಇಲಿಗಳನ್ನು ದಿನಕ್ಕೆ 2 ಗಂಟೆ ಅಲ್ಲಾಡದ ಹಾಗೆ ಇಟ್ಟು, 10 ದಿನ ಹೀಗೇ ಮಾಡಿ, ಎರಡೂ ಜಾಗದ ಕೋಶ ನೋಡಿದರು. ಹಿಪ್ಪೊಕ್ಯಾಂಪಸ್‌ನಲ್ಲಿ ಕೊಂಬೆಗಳು ಕುಗ್ಗಿದ್ದವು. ಅಮಿಗ್ಡಲಾದಲ್ಲಿ ಬೆಳೆದಿದ್ದವು! ಅದೇ ಇಲಿ, ಅದೇ ಸ್ಟ್ರೆಸ್, ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಜಾಸ್ತಿ. 'ಸ್ಟ್ರೆಸ್ ಕೋಶ ಕೊಲ್ಲುತ್ತೆ' ಅನ್ನುವವರು ಈ ಒಂದು ಸಂಗತಿಯನ್ನು ಹತ್ತು ನಿಮಿಷ ಯೋಚಿಸಬೇಕು. ಮೆದುಳು ಇಲ್ಲಿ ಹಾಳು ಬೀಳುತ್ತಿಲ್ಲ, ಬೇರೆ ರೀತಿ ಕಟ್ಟಿಕೊಳ್ಳುತ್ತಿದೆ. ನೆನಪಿನ ಕಡೆ ಸಂಪರ್ಕ ಕಡಿಮೆ ಮಾಡಿ ಭಯದ ಕಡೆ ಹೆಚ್ಚಿಸುತ್ತಿದೆ. ಓದಿದ್ದು ನೆನಪಾಗದೆ ಹೆದರಿಕೆ ಮಾತ್ರ ದಿನದಿನಕ್ಕೆ ಹೆಚ್ಚುವುದನ್ನು ನಾವೆಲ್ಲ ನೋಡಿದ್ದೇವೆ. ಇಲಿಯಲ್ಲಿ ಕಂಡದ್ದನ್ನು ನೇರ ಮನುಷ್ಯರಿಗೆ ಹೇಳುವ ಹಾಗಿಲ್ಲ, ಆದರೆ ಹೊಂದಿಕೆಯಾಗುತ್ತದೆ ಅನ್ನುವುದಂತೂ ಹೌದು.

2004ರಲ್ಲಿ ಇದರ ಮುಂದಿನ ಭಾಗ. ಸ್ಟ್ರೆಸ್ ನಿಲ್ಲಿಸಿ ಇಲಿಗಳನ್ನು 21 ದಿನ ಆರಾಮಾಗಿ ಬಿಟ್ಟರು. ಹಿಪ್ಪೊಕ್ಯಾಂಪಸ್‌ನ ಕೊಂಬೆಗಳು ಮೊದಲಿನಂತಾದವು. ಸತ್ತ ಕೋಶ ಹೀಗೆ ವಾಪಸು ಬರುವುದಿಲ್ಲ, ಅಲ್ವಾ? ಅಮಿಗ್ಡಲಾದ ಬೆಳವಣಿಗೆ ಮಾತ್ರ ಹಾಗೇ ಉಳಿಯಿತು, ಇಲಿಗಳ ಆತಂಕವೂ ಉಳಿಯಿತು. ಕಷ್ಟ ಮುಗಿದು ವಾರಗಳಾದರೂ ಒಬ್ಬರು ಬೆಚ್ಚಿ ಬೀಳುತ್ತಿದ್ದರೆ 'ಈಗೇನು ಆಗಿದೆ ನಿಂಗೆ, ಎಲ್ಲಾ ಸರಿಯಾಯ್ತಲ್ಲ' ಅಂತ ಗದರಿಸುತ್ತೇವೆ. ಗದರಿಸುವ ಮೊದಲು ಇದನ್ನು ನೆನಪಿಸಿಕೊಂಡರೆ ಒಳ್ಳೆಯದು.

2005ರ ಪ್ರಯೋಗ ಇನ್ನೂ ಆಶ್ಚರ್ಯದ್ದು. ಈ ಸಲ ಮ್ಯಾಕ್‌ಯುವೆನ್ ಕೂಡ ಜೊತೆಗಿದ್ದರು. ಇಲಿಗೆ ಒಂದೇ ಸಲ 2 ಗಂಟೆಯ ಸ್ಟ್ರೆಸ್. ಮರುದಿನ ನೋಡಿದರೆ ಏನೂ ಇಲ್ಲ. 10 ದಿನ ಬಿಟ್ಟು ನೋಡಿದರೆ ಅಮಿಗ್ಡಲಾದ ಕೊಂಬೆಗಳ ಮೇಲೆ ಹೊಸ ಮುಳ್ಳುಗಳು ಬಂದಿವೆ, ಅಂದರೆ ಹೊಸ ಸಂಪರ್ಕದ ಜಾಗಗಳು, ಇಲಿಯ ಆತಂಕವೂ ಹೆಚ್ಚಾಗಿದೆ. ಅಪಘಾತ ನೋಡಿದವರು ಆ ದಿನ ಗಟ್ಟಿಯಾಗಿದ್ದು ಆಮೇಲೆ ಕುಸಿಯುವುದು ಹೇಗೆ ಅನ್ನುವ ಪ್ರಶ್ನೆಗೆ ಇಲ್ಲೊಂದು ದಾರಿ ಕಾಣುತ್ತದೆ.

ಇನ್ನು ಕಾರ್ಟಿಸಾಲ್. 'ಸ್ಟ್ರೆಸ್ ಹಾರ್ಮೋನ್ ದೇಹದಿಂದ ಹೊರಹಾಕುವ ಕಷಾಯ' ಅನ್ನುವ ಜಾಹೀರಾತು ನಮ್ಮ ಫೋನಿಗೆ ವಾರಕ್ಕೊಂದು ಬರುತ್ತದೆ. ಕಾರ್ಟಿಸಾಲ್ ವಿಷ ಅಲ್ಲ. ದಿನಾ ಬೆಳಿಗ್ಗೆ ಏಳುವ ಹೊತ್ತಿಗೆ ಅದು ಏರುತ್ತದೆ, ರಾತ್ರಿಗೆ ಇಳಿಯುತ್ತದೆ, ಯಾವ ಸ್ಟ್ರೆಸ್ಸೂ ಇಲ್ಲದವರಿಗೂ. ಅಡ್ರಿನಲ್ ಕೆಟ್ಟು ಕಾರ್ಟಿಸಾಲ್ ಬರದೇ ಹೋದರೆ ಅದಕ್ಕೆ ಅಡಿಸನ್ ಕಾಯಿಲೆ ಅನ್ನುತ್ತಾರೆ, ಔಷಧಿ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಚಟರ್ಜಿ ಮತ್ತು ಮ್ಯಾಕ್‌ಯುವೆನ್ ತಂಡ 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ ಒಂದು ಸಲದ ಸ್ಟ್ರೆಸ್‌ಗೆ ಮೊದಲೇ ಇಲಿಗಳಿಗೆ ಕುಡಿಯುವ ನೀರಿನಲ್ಲಿ ಇದೇ ಜಾತಿಯ ಹಾರ್ಮೋನು ಕೊಟ್ಟರು. 10 ದಿನದ ನಂತರ ಬರಬೇಕಿದ್ದ ಮುಳ್ಳುಗಳೂ ಬರಲಿಲ್ಲ, ಆತಂಕವೂ ಬರಲಿಲ್ಲ. ಎಷ್ಟು, ಯಾವಾಗ, ಎಷ್ಟು ದಿನ ಅನ್ನುವುದರ ಮೇಲೆ ಒಂದೇ ಹಾರ್ಮೋನು ಕಾಯಲೂಬಹುದು, ಕಾಡಲೂಬಹುದು. ಹೊರಹಾಕುವ ಕಷಾಯದವರು ಏನನ್ನು ಹೊರಹಾಕುತ್ತೇವೆ ಅಂತ ಹೇಳುತ್ತಿದ್ದಾರೆ ಅನ್ನುವುದು ಅವರಿಗೇ ಗೊತ್ತಿಲ್ಲ.

ಸ್ಟ್ರೆಸ್ ಮತ್ತು ಡಿಪ್ರೆಶನ್ ಎರಡನ್ನೂ ಒಂದೇ ಅಂತ ಬಳಸುವುದೂ ನಿಲ್ಲಬೇಕು. ಸ್ಟ್ರೆಸ್ ಕಾಯಿಲೆಯಲ್ಲ, ಡಿಪ್ರೆಶನ್ ಕಾಯಿಲೆ. ಎಳೆದಾಡುವ ಸ್ಟ್ರೆಸ್ ಅದಕ್ಕೆ ದಾರಿ ಮಾಡಬಹುದು, ಅಷ್ಟೇ. 'ಮಾಡ್ಕೋಬೇಡಿ' ಅನ್ನುವ ಮಾತಂತೂ ಎರಡಕ್ಕೂ ಹೊಂದುವುದಿಲ್ಲ, ಯಾಕೆಂದರೆ ಎರಡನ್ನೂ ಯಾರೂ ಮಾಡಿಕೊಳ್ಳುವುದಿಲ್ಲ. ಮಕ್ಕಳ ಮುಂದೆ ಮಾತಾಡುವವರು ಹೊರೆ ಅನ್ನುವ ಕಡೆ ಹೊರೆ ಅನ್ನಲಿ, ಹೆದರಿಕೆ ಅನ್ನುವ ಕಡೆ ಹೆದರಿಕೆ ಅನ್ನಲಿ. ಮಗು ವಾರಗಟ್ಟಲೆ ನಿದ್ದೆ, ಊಟ ಬಿಟ್ಟು ಮಂಕಾಗಿದ್ದರೆ ಟೆಲಿಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ನಂಬರನ್ನು ಬೋರ್ಡಿನ ಮೇಲೆ ಬರೆಯಿರಿ, ಮಕ್ಕಳು ಅದನ್ನು ಬರೆದುಕೊಳ್ಳಲಿ.