ಕೊಯ್ದು ಹಾಸಿದ ಬೆಳೆ ಗಾಳಿಗೆ ಹಾರದಂತೆ ಉಳಿಸುವುದು

ಕನೋಲ (ಸಾಸಿವೆ ಜಾತಿಯ ಎಣ್ಣೆಬೀಜ), ಓಟ್ಸ್, ಬಾರ್ಲಿ, ಮಸೂರದಂತಹ ಬೆಳೆಗಳನ್ನು ನಿಂತಂತೆಯೇ ಕಂಬೈನಿನಿಂದ (ಕೊಯ್ಲು, ಒಕ್ಕಣೆ ಎರಡನ್ನೂ ಮಾಡುವ ಯಂತ್ರ) ಒಕ್ಕದೆ, ಮೊದಲು ಸ್ವಾದರ್ ಯಂತ್ರದಿಂದ ಕತ್ತರಿಸಿ, ಕೂಳೆಯ ಮೇಲೆ ಉದ್ದುದ್ದ ಅರಿಸಾಲುಗಳಾಗಿ ಮಲಗಿಸಿ, ಒಣಗಿದ ಮೇಲೆ ಎತ್ತಿ ಒಕ್ಕುವ ಪದ್ಧತಿಯಲ್ಲಿ ಬೆಳೆಗಾರರು ಮಳೆಗಷ್ಟೇ ಅಲ್ಲ, ಗಾಳಿಗೂ ಹೆದರಬೇಕು. ಮಳೆಯಲ್ಲಿ ನೆಂದ ಸಾಲು ಮತ್ತೆ ಒಣಗಬಹುದು. ಬಿರುಗಾಳಿ ಎತ್ತಿ ಹೊರಳಿಸಿದ ಸಾಲಿನಲ್ಲಿ ಒಡೆದ ಕಾಯಿಗಳಿಂದ ಉದುರಿದ ಕಾಳು ಮಾತ್ರ ಮರಳಿ ಕೈಗೆ ಬರುವುದಿಲ್ಲ.

ಕತ್ತರಿಸಿದ ಗಿಡಕ್ಕೆ ಬೇರಿನ ಹಿಡಿತ ತಪ್ಪಿರುತ್ತದೆ. ಆಮೇಲೆ ಅದನ್ನು ನೆಲಕ್ಕೆ ಹಿಡಿದಿಡುವುದು ಅದರ ಸ್ವಂತ ತೂಕ, ಗಿಡಗಳು ಒಂದಕ್ಕೊಂದು ಹೆಣೆದುಕೊಂಡಿರುವ ರೀತಿ ಮತ್ತು ಕೆಳಗಿನ ಕೂಳೆಯ ಆಸರೆ, ಈ ಮೂರೇ. ಗಾಳಿಯ ಒತ್ತಡವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ 2 ಪಟ್ಟಾದರೆ ಒತ್ತಡ 4 ಪಟ್ಟಾಗುತ್ತದೆ. ಇತ್ತ ಸಾಲು ಒಣಗುತ್ತ ಹೋದಂತೆ ನೀರಿನಂಶ ಕಳೆದುಕೊಂಡು ದಿನೇ ದಿನೇ ಹಗುರಾಗುತ್ತದೆ. ಹೀಗಾಗಿ ಬೆಳೆ ಒಕ್ಕಣೆಗೆ ಸಿದ್ಧವಾಗುವ ಹೊತ್ತಿಗೇ ಅದು ಗಾಳಿಗೆ ಅತ್ಯಂತ ಸುಲಭದ ತುತ್ತಾಗಿರುತ್ತದೆ. ಆ ಹಂತದಲ್ಲಿ ಮಾಡಬಹುದಾದದ್ದು ಅತಿ ಕಡಿಮೆ. ರಕ್ಷಣೆಯ ಕೆಲಸವೆಲ್ಲ ಕತ್ತರಿಸುವ ದಿನವೇ ಮುಗಿದಿರಬೇಕು.

ಮೊದಲು ನೋಡಬೇಕಾದದ್ದು ಕೂಳೆಯ ಎತ್ತರ. ಕನೋಲದಲ್ಲಿ ಅತಿ ಕೆಳಗಿನ ಕಾಯಿಗಳ ತುಸು ಕೆಳಗೆ ಕತ್ತರಿಸಿದರೆ, ಗಟ್ಟಿಯಾದ ಕೂಳೆಕಡ್ಡಿಗಳು ಸಾಲಿನೊಳಗೆ ಚುಚ್ಚಿಕೊಂಡು ಅದನ್ನು ಹಿಡಿದುಕೊಳ್ಳುತ್ತವೆ, ಜೊತೆಗೆ ತಳದಲ್ಲಿ ಗಾಳಿಯಾಡಿ ಬೆಳೆ ಸಮನಾಗಿ ಒಣಗುತ್ತದೆ. ತೀರಾ ಬುಡಕ್ಕೆ ಕತ್ತರಿಸಿದರೆ ಸಾಲು ನೆಲದ ಮೇಲೆ ಜಾರುತ್ತದೆ. ಹಾಗೆಂದು ಅತಿ ಎತ್ತರದಲ್ಲಿ ಕತ್ತರಿಸಿದರೆ ಸಾಲಿಗೆ ಸೇರುವ ಸೊಪ್ಪು-ಕಡ್ಡಿ ಕಡಿಮೆಯಾಗಿ ತೂಕವೇ ಸಾಲುವುದಿಲ್ಲ, ಮೇಲಾಗಿ ಅದು ತುದಿಯಲ್ಲಿ ತೂಗಾಡುತ್ತ ತಳಕ್ಕೆ ಗಾಳಿ ನುಗ್ಗಲು ದಾರಿ ಕೊಡುತ್ತದೆ. ಮಸೂರದ ಕಷ್ಟ ಬೇರೆಯೇ: ಕಾಯಿಗಳು ನೆಲಕ್ಕೆ ಹತ್ತಿರವಿರುವುದರಿಂದ ಬುಡಕ್ಕೇ ಕತ್ತರಿಸಬೇಕಾಗಿ ಬಂದು, ಹಿಡಿದುಕೊಳ್ಳಲು ಕೂಳೆಯೇ ಉಳಿಯುವುದಿಲ್ಲ. ಅಂತಹ ಬೆಳೆಯನ್ನು ಕತ್ತರಿಸಿ ಬಹಳ ದಿನ ಬಿಡದಿರುವುದೇ ಕ್ಷೇಮ.

ಎರಡನೆಯದು ಕತ್ತರಿಸುವ ಹದ. ಕನೋಲದ ಮುಖ್ಯ ಕಾಂಡದಲ್ಲಿ ಸುಮಾರು ಶೇಕಡ 60ರಷ್ಟು ಕಾಳುಗಳು ಬಣ್ಣ ತಿರುಗಿದಾಗ ಕತ್ತರಿಸುವುದು ಇಳುವರಿಗೆ ಒಳ್ಳೆಯದೆಂಬ ಶಿಫಾರಸು ಚಾಲ್ತಿಯಲ್ಲಿದೆ. ಆ ಹದದಲ್ಲಿ ಗಿಡಕ್ಕೆ ಬಾಗುವ ಗುಣ ಇನ್ನೂ ಇರುವುದರಿಂದ ಸಾಲು ಒತ್ತಾಗಿ ಕೂರುತ್ತದೆ. ಹದ ಮೀರಿ ಗರಿಗರಿಯಾದ ಗಿಡ ಉಬ್ಬಿ ಕೂರುತ್ತದೆ, ಮುಟ್ಟಿದರೆ ಕಾಯಿ ಸಿಡಿಯುತ್ತದೆ. ಅನಿವಾರ್ಯವಾದರೆ ಅದನ್ನು ರಾತ್ರಿ ಅಥವಾ ಇಬ್ಬನಿ ಇರುವ ಮುಂಜಾನೆ ಕತ್ತರಿಸಬೇಕು. ಬಿಸಿಯಾದ ಒಣಗಾಳಿ ಬೀಸುವ ದಿನ ಕತ್ತರಿಸುವುದಕ್ಕೆ ಮತ್ತೊಂದು ಅಡ್ಡಿಯೂ ಇದೆ. ಕಾಳು ಅತಿ ಬೇಗ ಒಣಗಿಬಿಟ್ಟರೆ ಅದರೊಳಗಿನ ಹಸಿರು ಹಾಗೆಯೇ ಉಳಿದು, ಎಣ್ಣೆಯ ಗುಣಮಟ್ಟ ಕೆಡುತ್ತದೆ.

ರೋಲರಿನ ಬಗ್ಗೆ ನನಗೆ ಬರುವಷ್ಟು ಪ್ರಶ್ನೆಗಳು ಬೇರಾವುದರ ಬಗ್ಗೆಯೂ ಬರುವುದಿಲ್ಲ. ಸ್ವಾದರಿನ ಹಿಂದೆಯೇ ಎಳೆದುಕೊಂಡು ಹೋಗುವ ಹಗುರವಾದ ರೋಲರು, ಹಸಿಯಾಗಿರುವ ಸಾಲನ್ನು ಕೂಳೆಯೊಳಕ್ಕೆ ಮೆಲ್ಲನೆ ಒತ್ತಿ ಅಂಚುಗಳನ್ನು ಮಡಚಿ ಕೂರಿಸುತ್ತದೆ. ತೆಳುವಾದ ಬೆಳೆಗೆ ಇದರಿಂದ ನಿಜವಾದ ಉಪಯೋಗವಿದೆ. ಆದರೆ ಹೆಚ್ಚು ಒತ್ತಿದರೆ ಒಳ್ಳೆಯದಾಗುವುದೆಂಬ ನಂಬಿಕೆ ಸರಿಯಲ್ಲ. ಸಾಲು ನೆಲ ಮುಟ್ಟುವಷ್ಟು ಒತ್ತಿದರೆ ಒಣಗುವುದು ತಡವಾಗುತ್ತದೆ, ಮಳೆ ಬಂದರೆ ಕಾಳು ಅಲ್ಲಿಯೇ ಮೊಳೆಯುತ್ತದೆ. ದಟ್ಟವಾಗಿ ಬೆಳೆದು ತಾನಾಗಿಯೇ ಹೆಣೆದುಕೊಂಡಿರುವ ಬೆಳೆಗೆ ರೋಲರು ಬೇಕಾಗುವುದಿಲ್ಲ. ಗಾಳಿಯ ಮುನ್ಸೂಚನೆ ಕೇಳಿ ಒಣಗಿದ ಸಾಲಿನ ಮೇಲೆ ರೋಲರು ಹಾಯಿಸಲು ಹೊರಡುವುದಂತೂ ಗಾಳಿ ಮಾಡಬಹುದಾದ ಹಾನಿಯನ್ನು ತಾವೇ ಮಾಡಿಕೊಂಡಂತೆ.

ಗಾಳಿ ಒಳನುಗ್ಗುವುದು ದುರ್ಬಲ ಜಾಗದಿಂದ. ಸಾಲು ತುಂಡಾದ ಕಡೆ, ತಿರುವುಗಳಲ್ಲಿ, ದಿಬ್ಬದ ನೆತ್ತಿಯಲ್ಲಿ ಒಂದು ಅಂಚು ಎದ್ದರೆ ಮುಂದಿನದು ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಯಂತ್ರವನ್ನು ಒಂದೇ ವೇಗದಲ್ಲಿ ನಡೆಸಿ, ಎಲ್ಲಿಯೂ ಗುಪ್ಪೆಯಾಗದ, ಎಲ್ಲಿಯೂ ಕಡಿಯದ ಸಾಲು ಹಾಕಬೇಕು. ಸಾಲಿನಡಿಯ ನೆಲ ಕಾಣುವಷ್ಟು ಬೆಳೆ ತೆಳುವಾಗಿದ್ದರೆ, ಕತ್ತರಿಸಿ ಮಲಗಿಸುವ ವಿಚಾರವನ್ನೇ ಬಿಟ್ಟು, ಪೂರ್ತಿ ಮಾಗಿದ ಮೇಲೆ ನಿಂತಂತೆಯೇ ಒಕ್ಕುವುದು ಲೇಸು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇಷ್ಟಾದರೂ ಸಾಲುಗಳು ಹಾರಿ ಗುಪ್ಪೆಗಟ್ಟಿದರೆ, ಅವನ್ನು ಒಡನೆಯೇ ಕೆದರಿ ಸರಿಪಡಿಸಲು ಹೋಗಬಾರದು. ಪ್ರತಿ ಸಲ ಅಲುಗಿಸಿದಾಗಲೂ ಇನ್ನಷ್ಟು ಕಾಯಿ ಒಡೆಯುತ್ತದೆ. ಗುಪ್ಪೆಯ ಒಳಭಾಗದ ಕಾಳು ಮೇಲಿನದಕ್ಕಿಂತ ತಡವಾಗಿ ಒಣಗುವುದರಿಂದ, ಒಕ್ಕುವ ಮೊದಲು ಕೈಯನ್ನು ಆಳಕ್ಕೆ ಹಾಕಿ ಕಾಳು ತೆಗೆದು ತೇವಾಂಶ ಅಳೆಯಬೇಕು. ಒಕ್ಕುವಾಗ ಕಾಯಿಗಳು ಇಬ್ಬನಿಗೆ ತುಸು ಮೆತ್ತಗಾಗಿರುವ ಹೊತ್ತನ್ನು ಆರಿಸಿಕೊಂಡು, ಕಂಬೈನನ್ನು ನಿಧಾನವಾಗಿ ನಡೆಸಿ, ಎತ್ತುವ ಪಟ್ಟಿಯ ವೇಗವನ್ನು ಯಂತ್ರದ ನಡಿಗೆಗೆ ಹೊಂದಿಸಿಕೊಂಡರೆ, ಸಾಲು ಕಿತ್ತಂತಾಗದೆ ಹಾಸಿಗೆಯಂತೆ ಒಳಸೇರುತ್ತದೆ. ದೊಡ್ಡ ಗುಪ್ಪೆಗಳನ್ನು ಇಡಿಯಾಗಿ ನುಂಗಿಸಿದರೆ ಕಂಬೈನಿನೊಳಗೆ ಕಾಳು ಒಕ್ಕುವ ಸಿಲಿಂಡರು ಕಟ್ಟಿಕೊಳ್ಳುವುದರಿಂದ, ಅವುಗಳ ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳುತ್ತ ಬರಬೇಕು. ಇದರಲ್ಲಿ ಸಮಯ ಹೋಗುತ್ತದೆ, ಆದರೆ ಕಾಳು ಉಳಿಯುತ್ತದೆ.