ನಿಮ್ಮ ಮುಖ ಕಾಗೆಗೆ ಗೊತ್ತು

ಮೇ ತಿಂಗಳಲ್ಲಿ ನಮ್ಮ ಗೇಟಿನೆದುರಿನ ಹೊಂಗೆ ಮರದಡಿ ಹಾದವರ ತಲೆಗೆಲ್ಲ ಕಾಗೆಯೊಂದು ಕುಕ್ಕತೊಡಗಿತು. ಕಾಗೆ ತಲೆ ಮುಟ್ಟಿದರೆ ಶನಿಕಾಟವೆಂದು ಪಕ್ಕದ ಮನೆಯ ಅಜ್ಜಿ ತಲೆಗೆ ಸ್ನಾನ ಮಾಡಿ, ಗುಡಿಯಲ್ಲಿ ಎಳ್ಳೆಣ್ಣೆ ದೀಪ ಹಚ್ಚಿ ಬಂದರು. ಮರುದಿನ ಮತ್ತೆ ಕುಕ್ಕಿತು. ಶನಿಯ ವಿಷಯ ನನಗೆ ತಿಳಿಯದು. ಮರದ ಕವಲಿನಲ್ಲಿ ಗೂಡಂತೂ ಇತ್ತು.

ಬೂದು ಕತ್ತಿನ ಊರುಕಾಗೆ ನಮ್ಮಲ್ಲಿ ಹೆಚ್ಚಾಗಿ ಬೇಸಿಗೆಯಲ್ಲಿ ಗೂಡು ಕಟ್ಟುತ್ತದೆ. ಕಾವಿಗೆ ಸುಮಾರು 16–17 ದಿನ, ಮರಿ ಹಾರಲು ಮತ್ತೆ ಮೂರು ನಾಲ್ಕು ವಾರ. ಮರಿ ಗೂಡಿನಂಚಿಗೆ ಬಂದು ರೆಕ್ಕೆ ಬಡಿಯುವ ಕೊನೆಯ ದಿನಗಳಲ್ಲಿ ತಂದೆತಾಯಿಯ ಸಿಟ್ಟು ನೆತ್ತಿಗೇರಿರುತ್ತದೆ. ಆಗ ಕೊಡೆ ಬಿಡಿಸಿಕೊಂಡು ನಡೆದರೆ ಸಾಕು. ಕಾಗೆ ಎರಗುವುದು ಬಹುಮಟ್ಟಿಗೆ ಬೆನ್ನ ಹಿಂದಿನಿಂದ. ತಿರುಗಿ ದಿಟ್ಟಿಸಿದರೆ ಹಿಂಜರಿಯುತ್ತದೆ.

ಕಲ್ಲೆಸೆದರೆ ಜಗಳ ಬೆಳೆಯುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್‌ಲಫ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2006ರಲ್ಲಿ ಗುಹಾಮಾನವನ ಮುಖವಾಡ ತೊಟ್ಟು 7 ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟರು. ಆಮೇಲೆ ಯಾರೇ ಆ ಮುಖವಾಡ ಹಾಕಿ ನಡೆದರೂ ಕಾಗೆಗಳು ಬೈಯುತ್ತ ಬೆನ್ನಟ್ಟಿದವು. ಎಂದೂ ಸಿಕ್ಕಿಬೀಳದ ಕಾಗೆಗಳೂ, ಅವುಗಳ ಮರಿಗಳೂ ವರ್ಷಗಳ ನಂತರವೂ ಬೈದವು. ಅದು ಬೇರೆ ಜಾತಿಯ ಕಾಗೆ, ನಿಜ. ಆದರೆ ಇಲ್ಲಿ ಕಲ್ಲೆಸೆದ ಹುಡುಗನನ್ನೇ ಹುಡುಕಿ ಅಟ್ಟಿಸಿಕೊಂಡು ಹೋದ ಕಾಗೆಯನ್ನು ನಾನೇ ಕಂಡಿದ್ದೇನೆ.

ಮಹಡಿಯ ಮೇಲೆ ಸಂಡಿಗೆ ಒಣಹಾಕಿ ಪಕ್ಕದಲ್ಲಿ ಕಪ್ಪು ಕೊಡೆಯನ್ನೋ ಕಪ್ಪು ಬಟ್ಟೆಯನ್ನೋ ಇಡುವ ಉಪಾಯ ಹಳೆಯದು. ಸತ್ತ ಕಾಗೆ ಕಂಡಲ್ಲಿ ಉಳಿದವು ಗುಂಪುಗೂಡಿ ಕೂಗಿ, ಆ ಜಾಗವನ್ನು ಅಪಾಯದ್ದೆಂದು ನೆನಪಿಟ್ಟುಕೊಳ್ಳುತ್ತವೆ; ಜೋಲುವ ಕಪ್ಪು ಬಟ್ಟೆ ಅದನ್ನೇ ಹೋಲುವುದರಿಂದ ಅಂಜುತ್ತವೆಂದು ನನ್ನ ಊಹೆ. ಆದರೆ ಬೆದರುಬೊಂಬೆಯಾಗಲಿ, ತೂಗುಹಾಕಿದ ಹಳೆಯ ಸಿಡಿಯಾಗಲಿ, ಒಂದೇ ಕಡೆ ಬಿಟ್ಟರೆ ಕೆಲವೇ ದಿನಗಳಲ್ಲಿ ಅದರ ಮೇಲೆಯೇ ಕೂತು ಪುಕ್ಕ ತಿದ್ದಿಕೊಳ್ಳುತ್ತವೆ. ಜಾಗ ಬದಲಿಸುತ್ತಿರಬೇಕು, ಸಂಜೆ ತೆಗೆದಿಡಬೇಕು.

ನಿಜವಾದ ಕೀಲಿ ಇರುವುದು ಊಟದಲ್ಲಿ. ಬೆಳಿಗ್ಗೆ ಕಸದ ಗಾಡಿ ಬರುವ ಮೊದಲೇ ಗೇಟಿಗೆ ನೇತುಹಾಕಿದ ಹಸಿ ಕಸದ ಕವರ್, ನಾಯಿ ತಿಂದು ಬಿಟ್ಟ ತಟ್ಟೆ, ಮಾಂಸದಂಗಡಿಯ ಹಿಂದಿನ ರಾಶಿ: ಇವಿಷ್ಟು ಮುಚ್ಚಿದರೆ ಅರ್ಧ ಹಿಂಡು ಬೇರೆ ಬೀದಿ ನೋಡಿಕೊಳ್ಳುತ್ತದೆ. ನೀರಿನ ಟ್ಯಾಂಕಿಗೂ ಮುಚ್ಚಳ ಬೇಕು. ಒಣ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ತಿನ್ನುವ ಜಾಣತನ ಅದಕ್ಕಿದೆ. ಮೂಳೆಯನ್ನು ಅಲ್ಲಿಯೇ ಮರೆತು ಹೋಗುವ ಚಾಳಿಯೂ ಇದೆ.

ವಿಷವಿಡುವ ಯೋಚನೆ ಬೇಡ. ಅದನ್ನು ನಾಯಿ, ಹದ್ದು, ಗೂಬೆಗಳೂ ತಿನ್ನುತ್ತವೆ. 1972ರ ವನ್ಯಜೀವಿ ಕಾಯ್ದೆ ಊರುಕಾಗೆಯನ್ನು ಇಲಿಗಳ ಸಾಲಿನಲ್ಲಿ ಉಪದ್ರವಿಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಕೊಂಬೆ ಕಡಿಸುವುದಿದ್ದರೆ ಗೂಡು ಖಾಲಿಯಾಗಿರುವ ಚಳಿಗಾಲದಲ್ಲಿ, ಬೀದಿಮರವಾದರೆ ಅನುಮತಿ ಪಡೆದು ಕಡಿಸಬೇಕು. ನೆಲದ ಮೇಲೆ ಮೋಟು ಬಾಲದ ಮರಿ ಕಂಡರೆ ಒಳಗೆ ತರುವುದು ಬೇಡ. ಹತ್ತಿರದ ಪೊದೆಗೋ ಕೊಂಬೆಗೋ ಏರಿಸಿ ದೂರ ಸರಿದರೆ ಉಳಿದದ್ದನ್ನು ತಾಯಿ ನೋಡಿಕೊಳ್ಳುತ್ತದೆ. ಏರಿಸುವಾಗಲೂ ತಲೆಯ ಮೇಲೆ ಕೊಡೆ ಇರಲಿ!

ಜೂನ್ ಎರಡನೆಯ ವಾರ ಅಳುಕುತ್ತಲೇ ಬರಿದಲೆಯಲ್ಲಿ ಗೇಟು ದಾಟಿದೆ. ಕಾಗೆ ತಂತಿಯ ಮೇಲಿತ್ತು, ಆದರೆ ನನ್ನತ್ತ ತಿರುಗಲಿಲ್ಲ. ಪಕ್ಕದಲ್ಲಿ ಕುಳಿತು ಬಾಯ್ತೆರೆದು ಅರಚುತ್ತಿದ್ದ ಮರಿಯ ಗಂಟಲಿಗೆ ತುತ್ತು ತುರುಕುವುದರಲ್ಲಿ ಅದು ಮುಳುಗಿತ್ತು. ಕಣ್ಣು ಕಿರಿದು ಮಾಡಿ ನೋಡಿದೆ: ಮರಿಯ ಕಂದು ಮೈತುಂಬ ಬಿಳಿಯ ಚುಕ್ಕೆಗಳು. ಇಷ್ಟು ದಿನ ನಮ್ಮ ತಲೆಗಳನ್ನು ಕುಕ್ಕಿ ಅದು ಕಾದದ್ದು ಕೋಗಿಲೆಯ ಮರಿಯನ್ನು.